ಬರೆಯುವುದೊಂದು, ಓದುವುದೊಂದು

ಹೊರನಾಡಿನಲ್ಲಿ ಸಂಸಾರ ಹೂಡಿದ ಕನ್ನಡಿಗರ ಮನೆಗಳಲ್ಲಿ ಸಂಜೆಯ ಹೊತ್ತು ಒಂದು ವಿಚಿತ್ರವಾದ ಪಾರಾಯಣ ನಡೆಯುತ್ತದೆ. ಹಿಂದೆ ದೀಪ ಹಚ್ಚಿದ ಮೇಲೆ ಮಗ್ಗಿ, ಬಾಯಿಪಾಠ, ದೇವರನಾಮಗಳು ಕೇಳಿಸುತ್ತಿದ್ದ ಜಾಗದಲ್ಲಿ ಈಗ “ಕೆ-ಎನ್-ಐ-ಎಫ್-ಇ ನೈಫ್, ಕೆ-ಎನ್-ಇ-ಇ ನೀ” ಎಂಬ ಮಂತ್ರಘೋಷ. ಅಡಿಗೆಮನೆಯಿಂದ ತಾಯಿ ದನಿಗೂಡಿಸುತ್ತಾಳೆ. ಪತ್ರಿಕೆಯ ಮರೆಯಿಂದ ತಂದೆ “ಊಂ, ಇನ್ನೊಂದು ಸಲ” ಎನ್ನುತ್ತಾನೆ. ಮರುದಿನ ಶಾಲೆಯಲ್ಲಿ ಡಿಕ್ಟೇಷನ್. ಹತ್ತಕ್ಕೆ ಹತ್ತು ಬಂದರೆ ಮನೆಯಲ್ಲಿ ಹಬ್ಬ. ನಾಲ್ಕು ಬಂದರೆ ಸೂತಕ.

ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ಮೂರನೆಯ ತರಗತಿಯಲ್ಲಿರುವ ನಮ್ಮ ಮಗಳು ಕಳೆದ ವರ್ಷ ಒಂದು ದಿನ ಕೇಳಿದಳು: “ಅಪ್ಪಾ, ಓದದೇ ಇರೋ ಕೆ-ನ ಯಾಕೆ ಬರೀಬೇಕು?” ಇಂಗ್ಲಿಷಿನವರು ಹಾಗೆಯೇ, ಸುಮ್ಮನೆ ಉರುಹೊಡಿ ಎಂಬ ಪರಂಪರಾಗತ ಉತ್ತರವನ್ನು ಕೊಟ್ಟು ನಾವು ಪಾರಾಗಬಹುದಿತ್ತು. ಆದರೆ ಅದೇ ವಾರ ಶಾಲೆಯಿಂದ ಡೈರಿಯಲ್ಲಿ ಒಂದು ಒಕ್ಕಣೆ ಬಂದಿತ್ತು: ಹುಡುಗಿ ಇಂಗ್ಲಿಷಿನಲ್ಲಿ ಹಿಂದೆ, ಗಮನ ಸಾಲದು, ಮನೆಯಲ್ಲಿ ಕಟ್ಟುನಿಟ್ಟು ಮಾಡಿ. ಆ ರಾತ್ರಿ ಅವಳು ತಾಯಿಯ ಮಗ್ಗುಲಲ್ಲಿ ಮಲಗಿ, “ಅಮ್ಮಾ, ನಾನು ದಡ್ಡೀನಾ?” ಎಂದು ಕೇಳಿದ್ದು ನಮ್ಮ ಕಿವಿಗೆ ಬಿತ್ತು. ನಾವು ಓದಿದ್ದು ಬಿ.ಎಸ್ಸಿ. ಕಾರಣವಿಲ್ಲದೆ ಕಾರ್ಯವಿಲ್ಲ ಎಂಬುದು ಆ ಓದಿನಲ್ಲಿ ನಮಗೆ ದಕ್ಕಿದ ಒಂದೇ ಆಸ್ತಿ. ತಪ್ಪು ಮಗುವಿನದೋ ಭಾಷೆಯದೋ ನೋಡಿಯೇ ಬಿಡೋಣ ಎಂದು ಲೈಬ್ರರಿಯಿಂದ ಪುಸ್ತಕಗಳನ್ನು ತಂದು ಕುಳಿತೆವು. ತಿಳಿದುಬಂದ ಸಂಗತಿಗಳು ನಮ್ಮಂತೆಯೇ ಸಂಜೆಯ ಪಾರಾಯಣದಲ್ಲಿ ಬೆಂದಿರುವ ಓದುಗರಿಗೂ ಉಪಯೋಗಕ್ಕೆ ಬರಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯ ಕಾರಣ ಬಡತನ. ಇಂಗ್ಲಿಷಿನಲ್ಲಿ ಅಕ್ಷರಗಳು 26, ಆಡುವ ಧ್ವನಿಗಳು ಸುಮಾರು 44. ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸಿಗೆ ಊರಿನ ಬಂಧುಗಳೆಲ್ಲ ಒಟ್ಟಿಗೆ ಬಂದಿಳಿದರೆ ಹೇಗೋ ಹಾಗೆ. ಹಗಲು ಊಟದ ಕೋಣೆಯಾದದ್ದೇ ರಾತ್ರಿ ಮಲಗುವ ಕೋಣೆ. ‘ಎ’ ಎಂಬ ಒಂದೇ ಅಕ್ಷರ ಕ್ಯಾಟ್ ಎನ್ನುವಲ್ಲಿ ಒಂದು, ಕಾರ್ ಎನ್ನುವಲ್ಲಿ ಒಂದು, ಕೇಕ್ ಎನ್ನುವಲ್ಲಿ ಒಂದು, ಅಬೌಟ್ ಎನ್ನುವಲ್ಲಿ ಮತ್ತೊಂದು. ಈ ಬಡತನಕ್ಕೆ ಮೂಲವೆಂದರೆ ಅಕ್ಷರಗಳು ಅವರ ಸ್ವಂತದ್ದಲ್ಲ. 597ರಲ್ಲಿ ರೋಮಿನಿಂದ ಬಂದ ಕ್ರೈಸ್ತ ಪಾದ್ರಿಗಳು ಲ್ಯಾಟಿನ್ ಅಕ್ಷರಗಳನ್ನು ತಂದರು. ಅಳತೆ ತೆಗೆದದ್ದು ಒಬ್ಬರಿಗೆ, ತೊಟ್ಟುಕೊಂಡವರು ಇನ್ನೊಬ್ಬರು. ಸಾಲದಿದ್ದ ಕಡೆ ತಮ್ಮ ಹಳೆಯ ರೂನ್ ಲಿಪಿಯಿಂದ ಒಂದೆರಡು ತೇಪೆ ಹಾಕಿಕೊಂಡರು. ನಮ್ಮ ಥಕಾರ ದಕಾರಗಳಿಗೆ ಹತ್ತಿರವಾದ ಧ್ವನಿಗೆ ‘ಥಾರ್ನ್’ ಎಂಬ ಅಕ್ಷರವಿತ್ತು. ಮುಂದೆ ಯೂರೋಪಿನಿಂದ ತರಿಸಿದ ಅಚ್ಚಿನ ಮೊಳೆಗಳಲ್ಲಿ ಅದು ಇಲ್ಲದ ಕಾರಣ ಥಾರ್ನ್ ಮೂಲೆ ಸೇರಿತು. ಟಿ-ಎಚ್ ಎಂಬ ಜೋಡಿ ಆ ಕೆಲಸಕ್ಕೆ ಖಾಯಂ ಆಯಿತು. ಈ ಟಿ-ಎಚ್ ಅನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ನಮ್ಮ ದೆಹಲಿಗೇ ಬಂದು ಕಾಟ ಕೊಡಲಿದೆ.

ಎರಡನೆಯ ಕಾರಣವನ್ನು ಹೇಳಲು ನಮಗೆ ಸ್ವಲ್ಪ ಸಂಕೋಚ. ಅದು ಗುಮಾಸ್ತರ ಕೈವಾಡ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆ, ನ್ಯಾಯಾಲಯ, ಕಡತ ಎಲ್ಲವೂ ಫ್ರೆಂಚ್ ಮತ್ತು ಲ್ಯಾಟಿನ್ ಆದವು. ಫ್ರೆಂಚ್ ರೂಢಿಯಲ್ಲಿ ಪಳಗಿದ ಬರಹಗಾರರು ಇಂಗ್ಲಿಷನ್ನೂ ತಮ್ಮ ರೀತಿಯಲ್ಲೇ ಬರೆದರು. ಕ್ವೀನ್ ಎಂಬುದನ್ನು ಮೊದಲು ಸಿ-ಡಬ್ಲ್ಯು ಹಾಕಿ ಬರೆಯುತ್ತಿದ್ದರು. ಇವರು ಬಂದು ಕ್ಯೂ-ಯು ಮಾಡಿದರು. ಇಲಿಗೆ ಇಂಗ್ಲಿಷಿನವರು ಆಗ ‘ಮೂಸ್’ ಎನ್ನುತ್ತಿದ್ದರು, ಬರೆಯುತ್ತಿದ್ದುದು ಎಮ್-ಯು-ಎಸ್. ಫ್ರೆಂಚಿನಲ್ಲಿ ಊಕಾರಕ್ಕೆ ಒ-ಯು ಬರೆಯುವ ಪದ್ಧತಿಯಾದ್ದರಿಂದ ಅಲ್ಲಿಯೂ ಒಂದು ಒ ಸೇರಿಕೊಂಡಿತು. ಇನ್ನೊಂದು ತಮಾಷೆ ಕೇಳಿ. ಆ ಕಾಲದ ಕೈಬರಹದಲ್ಲಿ ಎಮ್, ಎನ್, ಯು, ವಿ ಎಲ್ಲವೂ ಒಂದೇ ತೆರನ ನೆಟ್ಟನೆಯ ಗೀಟುಗಳು. ಪಕ್ಕಪಕ್ಕದಲ್ಲಿ ಬಂದರೆ ಬೇಲಿಯ ಗೂಟಗಳ ಹಾಗೆ ಕಾಣುತ್ತಿದ್ದವು. ಓದುವವರಿಗೆ ಅನುಕೂಲವಾಗಲೆಂದು ಯು ಇದ್ದ ಕಡೆ ಒ ಬರೆದರು. ಸನ್, ಲವ್, ಕಮ್ ಎಂಬ ಮಾತುಗಳಲ್ಲಿ ಇಂದಿಗೂ ಒ ಕುಳಿತಿರುವುದು ಹಾಗೆ. ಒಳ್ಳೆಯ ಉದ್ದೇಶದಿಂದ ಹೊರಡಿಸಿದ ತಾತ್ಕಾಲಿಕ ಆದೇಶ ಎಂಟು ನೂರು ವರ್ಷ ಜಾರಿಯಲ್ಲಿರುವುದು ಹೇಗೆ ಎಂದು ಬೇರೆಯವರು ಬೆರಗಾಗಬಹುದು. ಸರ್ಕಾರಿ ನೌಕರರಿಗೆ ಬೆರಗಿಲ್ಲ.

ಮೂರನೆಯದು ಅಚ್ಚುಕೂಟ. ವಿಲಿಯಂ ಕ್ಯಾಕ್ಸ್ಟನ್ ಎಂಬ ಬಟ್ಟೆ ವ್ಯಾಪಾರಿ ಬಹುಕಾಲ ಬ್ರೂಜ್ ಪಟ್ಟಣದಲ್ಲಿದ್ದು ಮುದ್ರಣ ಕಲಿತು, 1476ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಮೊದಲ ಅಚ್ಚುಕೂಟ ತೆರೆದ. ಯಾವ ಇಂಗ್ಲಿಷಿನಲ್ಲಿ ಅಚ್ಚು ಹಾಕುವುದು ಎಂಬುದೇ ಅವನಿಗೆ ಸಮಸ್ಯೆ. 1490ರಲ್ಲಿ ಅಚ್ಚಾದ ಪುಸ್ತಕವೊಂದರ ಮುನ್ನುಡಿಯಲ್ಲಿ ಅವನೇ ಒಂದು ಪ್ರಸಂಗ ಹೇಳಿದ್ದಾನೆ. ಥೇಮ್ಸ್ ನದಿಯಲ್ಲಿ ಗಾಳಿಗಾಗಿ ಕಾಯುತ್ತಿದ್ದ ವರ್ತಕರಲ್ಲೊಬ್ಬ ದಡದ ಮನೆಯೊಂದಕ್ಕೆ ಹೋಗಿ ‘ಎಗ್ಸ್’ ಬೇಕು ಎಂದು ಕೇಳಿದನಂತೆ. ಮನೆಯೊಡತಿ ತನಗೆ ಫ್ರೆಂಚ್ ಬರುವುದಿಲ್ಲ ಎಂದಳು. ಅವನಿಗೆ ಕೋಪ, ಏಕೆಂದರೆ ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ! ಕೊನೆಗೆ ಜೊತೆಯವನು ‘ಐರನ್’ ಎಂಬ ತೆಂಕಣ ಮಾತು ಬಳಸಿದಾಗ ಮೊಟ್ಟೆಯೆಂದು ಅವಳಿಗೆ ತಿಳಿಯಿತು. ಹೀಗೆ ಊರಿಗೊಂದು ಮಾತು, ಕೈಗೊಂದು ಬರಹ ಇದ್ದಾಗ ಅಚ್ಚಿನವರು ತಮಗೆ ತೋಚಿದ್ದನ್ನು ಹಿಡಿದರು. ಗೋಸ್ಟ್ ಎಂಬ ಪದದಲ್ಲಿ ಜಿ-ಯ ಪಕ್ಕದ ಎಚ್, ಮೊಳೆ ಜೋಡಿಸುವವರು ಫ್ಲೆಮಿಷ್ ಭಾಷೆಯ ರೂಢಿಯಿಂದ ತಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ದೆವ್ವಕ್ಕೇ ಅಂಟಿಕೊಂಡ ದೆವ್ವ!

ಅಚ್ಚಾದದ್ದು ನಿಂತಿತು, ಆಡುವುದು ನಿಲ್ಲಲಿಲ್ಲ. ಇದೇ ಎಲ್ಲಕ್ಕಿಂತ ದೊಡ್ಡ ಕಾರಣ. ಸರಿಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಒಂದೊಂದು ಮನೆ ಪಲ್ಲಟವಾದವು. ಭಾಷಾಶಾಸ್ತ್ರಿಗಳು ಇದನ್ನು ಮಹಾ ಸ್ವರಪಲ್ಲಟ ಎಂದು ಕರೆಯುತ್ತಾರೆ. ಅದಕ್ಕೆ ಮೊದಲು ಟೈಮ್ ಎಂಬುದು ‘ಟೀಮ’ ಆಗಿತ್ತು. ‘ಮೂಸ್’ ಹೋಗಿ ಮೌಸ್ ಆಯಿತು. ಈಗ ನಾವು ನೇಮ್ ಎನ್ನುವ ಮಾತನ್ನು ಆಗ ಹೇಗೆ ಹೇಳುತ್ತಿದ್ದರು ಬಲ್ಲಿರಾ? ಹೆಚ್ಚು ಕಡಿಮೆ ನಮ್ಮ ‘ನಾಮ’ದ ಹಾಗೆಯೇ. ಎನ್-ಎ-ಎಮ್-ಇ ಎಂಬ ಬರಹ ಆ ಉಚ್ಚಾರಕ್ಕೆ ಚೆನ್ನಾಗಿ ಹೊಂದುತ್ತಿತ್ತು. ಮನೆಯ ಮುಂದೆ ನಾಮಫಲಕ ಹೊಡೆದಾದ ಮೇಲೆ ಒಳಗಿನ ಬಾಡಿಗೆದಾರ ಬದಲಾದ. ಫಲಕ ಹಾಗೆಯೇ ಉಳಿಯಿತು.

ನಾಮ, ಮೂಷಕ ಇವೆಲ್ಲ ಸಂಸ್ಕೃತದಂತೆ ಕೇಳಿಸುವುದು ಆಕಸ್ಮಿಕವಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಒಂದೇ ಮೂಲವಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಭಾಷಣ ಮಾಡಿದ್ದು ಪ್ರಸಿದ್ಧ. ಇಂಗ್ಲಿಷೂ ಅದೇ ಮನೆತನದ್ದು. ಇಲ್ಲಿಯೇ ನಮ್ಮ ಮಗಳ ಕೆ-ಗೆ ಉತ್ತರ ಸಿಕ್ಕಿತು. ನೈಫ್, ನೀ, ನೈಟ್, ನೋ ಎಂಬ ಮಾತುಗಳಲ್ಲಿ ಕಕಾರವನ್ನು ಒಂದು ಕಾಲಕ್ಕೆ ನಿಜವಾಗಿ ಉಚ್ಚರಿಸುತ್ತಿದ್ದರು: ಕ್ನೀ, ಕ್ನೋ ಎಂದು. ಜರ್ಮನರು ತಮ್ಮ ಭಾಷೆಯ ಇಂಥ ಮಾತುಗಳಲ್ಲಿ ಇಂದಿಗೂ ಉಚ್ಚರಿಸುತ್ತಾರೆ. ತಿಳಿ ಎಂಬ ಅರ್ಥದ ಆ ‘ಕ್ನೋ’ ಮತ್ತು ನಮ್ಮ ಜ್ಞಾನದ ‘ಜ್ಞಾ’ ಒಂದೇ ಬೇರಿನವು. ಮೊಣಕಾಲೆಂಬ ‘ಕ್ನೀ’ ಮತ್ತು ಆಜಾನುಬಾಹುವಿನ ‘ಜಾನು’ ದಾಯಾದಿಗಳು. ಹದಿನೆಂಟನೆಯ ಶತಮಾನದ ಹೊತ್ತಿಗೆ ಇಂಗ್ಲಿಷ್ ನಾಲಿಗೆಯಿಂದ ಕಕಾರ ಜಾರಿಹೋಯಿತು, ಕಾಗದದ ಮೇಲೆ ಉಳಿಯಿತು.

ಪಂಡಿತರ ಪಾಲೂ ಇದರಲ್ಲಿದೆ. ಸಾಲ ಎಂಬ ಅರ್ಥದ ಡೆಟ್ ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಮೂಲ ಲ್ಯಾಟಿನಿನಲ್ಲಿ ಬಿ ಇದೆಯಲ್ಲ, ಅದನ್ನು ತೋರಿಸದೆ ಇದ್ದರೆ ವಿದ್ವತ್ತಿಗೆ ಕುಂದು ಎಂದು ಯಾರೋ ತಂದು ಸೇರಿಸಿದರು. ಡೌಟಿಗೆ ಬಿ, ರಿಸೀಟಿಗೆ ಪಿ ಬಂದದ್ದೂ ಹೀಗೆಯೇ. ದ್ವೀಪವೆಂಬ ಐಲೆಂಡ್ ಅಪ್ಪಟ ಇಂಗ್ಲಿಷ್ ಮಾತು, ಲ್ಯಾಟಿನಿನ ಸಂಬಂಧವೇ ಇಲ್ಲ. ಇದೆಯೆಂದು ಭ್ರಮಿಸಿ ಅದಕ್ಕೊಂದು ಎಸ್ ತೊಡಿಸಿದರು. ಇಲ್ಲದ ಗೋತ್ರ ಹೇಳಿಕೊಂಡಂತೆ!

ಹಾಗಾದರೆ ಯಾರೂ ಇದನ್ನು ಸರಿಪಡಿಸಲು ಹೋಗಲಿಲ್ಲವೇ? ಹೋಗದೆ ಏನು! ಅಮೆರಿಕದ ನೋವಾ ವೆಬ್‌ಸ್ಟರ್ 1828ರ ತನ್ನ ದೊಡ್ಡ ನಿಘಂಟಿನಲ್ಲಿ ಕಲರ್ ಪದದ ಯು ತೆಗೆದದ್ದು ನಿಂತಿತು. ಟಂಗ್ ಎಂಬುದನ್ನು ಟಿ-ಯು-ಎನ್-ಜಿ ಎಂದು ಬರೆಯಿರಿ ಎಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1906ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 300 ಪದಗಳ ಸರಳ ಕಾಗುಣಿತವನ್ನು ಸರ್ಕಾರಿ ಮುದ್ರಣಾಲಯ ಬಳಸಬೇಕೆಂದು ಆಜ್ಞೆಯನ್ನೇ ಹೊರಡಿಸಿದ. ಪತ್ರಿಕೆಗಳು ನಕ್ಕವು, ಕಾಂಗ್ರೆಸ್ ವಿರೋಧಿಸಿತು, ಅದೇ ವರ್ಷ ಆಜ್ಞೆ ವಾಪಸಾಯಿತು. ಬರ್ನಾರ್ಡ್ ಷಾ 1950ರಲ್ಲಿ ತೀರಿಕೊಳ್ಳುವಾಗ ಹೊಸ ಲಿಪಿಗೆಂದು ಉಯಿಲಿನಲ್ಲಿ ಹಣ ಬಿಟ್ಟಿದ್ದ. 1962ರಲ್ಲಿ ಅವನ ಒಂದು ನಾಟಕ ಆ ಲಿಪಿಯಲ್ಲಿ ಅಚ್ಚಾಯಿತು. ಜನ ಆ ಲಿಪಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಅಂದ ಹಾಗೆ ಜಿ-ಎಚ್-ಒ-ಟಿ-ಐ ಎಂದು ಬರೆದು ಫಿಷ್ ಎಂದು ಓದಬಹುದೆಂಬ ಹಾಸ್ಯವನ್ನು ಎಲ್ಲರೂ ಷಾನ ತಲೆಗೆ ಕಟ್ಟುತ್ತಾರೆ. ಅದು 1855ರ ಒಂದು ಕಾಗದದಲ್ಲಿಯೇ ಇದೆ. ಷಾ ಹುಟ್ಟಿದ್ದು 1856ರಲ್ಲಿ!

ಸುಧಾರಣೆ ಸೋತದ್ದಕ್ಕೆ ನ್ಯಾಯವಾದ ಕಾರಣವೂ ಉಂಟು. ಉಚ್ಚಾರದಂತೆ ಬರೆಯೋಣ, ಸರಿ, ಯಾರ ಉಚ್ಚಾರದಂತೆ? ಕಾರ್ ಎಂಬಲ್ಲಿ ಸ್ಕಾಟ್ಲೆಂಡಿನವನೂ ಅಮೆರಿಕದವನೂ ರಕಾರ ಹೇಳುತ್ತಾರೆ, ಲಂಡನ್ನಿನವನು ನುಂಗುತ್ತಾನೆ. ಅಲ್ಲದೆ ಓದದ ಅಕ್ಷರ ಕೆಲವೊಮ್ಮೆ ನೆಂಟಸ್ತನವನ್ನು ಕಾಪಾಡುತ್ತದೆ. ಸೈನ್ ಎನ್ನುವಾಗ ಮೂಕವಾಗಿರುವ ಜಿ, ಸಿಗ್ನೇಚರ್ ಎನ್ನುವಾಗ ಬಾಯಿ ಬಿಡುತ್ತದೆ.

ಇನ್ನು ನಮ್ಮ ಕನ್ನಡ. ಹಳಗನ್ನಡದಲ್ಲಿ ಪಾಲು, ಪೂ, ಪುಲಿ ಎನ್ನುತ್ತಿದ್ದವು ನಾಲಿಗೆಯಲ್ಲಿ ಹಾಲು, ಹೂ, ಹುಲಿ ಆದವು. ನಮ್ಮ ಹಿರಿಯರು ಏನು ಮಾಡಿದರು? ಬರಹವನ್ನೂ ಹಾಗೆಯೇ ತಿದ್ದಿಕೊಂಡರು. ಇಂಗ್ಲಿಷಿನವರ ಜಾಡು ಹಿಡಿದಿದ್ದರೆ ಇಂದು ನಮ್ಮ ಮಕ್ಕಳು ‘ಪುಲಿ’ ಎಂದು ಬರೆದು ‘ಹುಲಿ’ ಎಂದು ಓದಬೇಕಾಗುತ್ತಿತ್ತು, ತಪ್ಪಿದರೆ ಡೈರಿಯಲ್ಲಿ ಒಕ್ಕಣೆ! ಹಳಗನ್ನಡದ ಱ, ೞ ಎಂಬ ಅಕ್ಷರಗಳನ್ನು ಅವುಗಳ ಧ್ವನಿ ಹೋದ ಮೇಲೆ ಬಿಟ್ಟುಕೊಟ್ಟೆವು. ಹದಿಮೂರನೆಯ ಶತಮಾನದ ಕೇಶಿರಾಜ ೞ ಬರುವ ಮಾತುಗಳನ್ನು ಪಟ್ಟಿ ಮಾಡಿ ಕೊಡಬೇಕಾಯಿತೆಂದರೆ, ಆ ಹೊತ್ತಿಗೇ ಜನಕ್ಕೆ ಗೊಂದಲ ಶುರುವಾಗಿತ್ತೆಂದೇ ಅರ್ಥ.

ಹೆಮ್ಮೆಯಿಂದ ಎದೆ ಉಬ್ಬಿಸುವ ಮುನ್ನ ಎರಡು ಮಾತು. ನಮ್ಮಲ್ಲಿಯೂ ಬರೆಯುವುದೊಂದು, ಓದುವುದೊಂದು ಇಲ್ಲದೆ ಇಲ್ಲ. ಋಷಿ ಎಂದು ಬರೆದು ರುಷಿ ಎನ್ನುತ್ತೇವೆ; ಜ್ಞಾನ ಎಂದು ಬರೆದು ಗ್ನಾನ ಎನ್ನುತ್ತೇವೆ. ನಮ್ಮ ಸಂಘದಲ್ಲಿ ಧಾರವಾಡದವರು ‘ಮನಿ’ಗೆ ಹೋಗುತ್ತಾರೆ, ಮೈಸೂರಿನವರು ‘ಮನೆ’ಗೆ ಹೋಗುತ್ತಾರೆ, ವರದಿ ಬರೆಯುವಾಗ ಎಲ್ಲರದೂ ಮನೆಯೇ. ಬರಹ ಒಂದಾಗಿರುವುದರಿಂದಲೇ ಈ ಪತ್ರಿಕೆ ಎಲ್ಲ ಜಿಲ್ಲೆಯವರ ಕೈಯಲ್ಲೂ ನಡೆಯುತ್ತಿದೆ. ಮತ್ತೆ, ಬರಹವನ್ನು ನಾಲಿಗೆಯ ಹಿಂದೆ ಓಡಿಸಿದ್ದಕ್ಕೆ ಬೆಲೆಯನ್ನೂ ತೆತ್ತಿದ್ದೇವೆ. ಪಂಪನನ್ನು ಓದಬೇಕಾದರೆ ಪಕ್ಕದಲ್ಲಿ ಅರ್ಥಕೋಶ ಬೇಕು. ಕಾಗುಣಿತ, ಒತ್ತಕ್ಷರ ಎಲ್ಲ ಕೈಗೆ ಹತ್ತಲು ಮಗುವಿಗೆ ಎರಡು ಮೂರು ವರ್ಷವಾದರೂ ಹಿಡಿಯುತ್ತದೆ. ಆದರೆ ಕಲಿತ ಅಕ್ಷರ ಮೋಸ ಮಾಡುವುದಿಲ್ಲ, ಅಷ್ಟೇ.

ಈ ಮೋಸದ ಲೆಕ್ಕವನ್ನು ಪಂಡಿತರು ತೆಗೆದಿದ್ದಾರೆ. ಯೂರೋಪಿನ 13 ಭಾಷೆಗಳ ಬರಹವನ್ನು ಕಲಿಯುವ ಮಕ್ಕಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಓದಿನ ಬುನಾದಿ ಹಾಕಿಕೊಳ್ಳಲು ಇಂಗ್ಲಿಷ್ ಮಕ್ಕಳಿಗೆ ಮಿಕ್ಕ ಹೆಚ್ಚಿನವರಿಗಿಂತ ಎರಡರಷ್ಟಕ್ಕೂ ಹೆಚ್ಚು ಕಾಲ ಬೇಕು. ತಾಯ್ನುಡಿಯಾಗಿ ಇಂಗ್ಲಿಷ್ ಆಡುವ ಮಕ್ಕಳ ಪಾಡೇ ಇದು! ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಹೊತ್ತ ನಮ್ಮ ಮಕ್ಕಳು ಡಿಕ್ಟೇಷನ್ನಿನಲ್ಲಿ ನಾಲ್ಕು ತೆಗೆದುಕೊಂಡರೆ ಅದು ದಡ್ಡತನವಲ್ಲ. ನಾವು ಮಗಳಿಗೆ ಕ್ನೀ, ಕ್ನೋ ಕಥೆಯನ್ನೂ ಬೇಲಿಗೂಟದ ಕಥೆಯನ್ನೂ ಹೇಳಿದೆವು. ಅಂಕಗಳು ಒಮ್ಮೆಲೇ ಏರಲಿಲ್ಲ. ಆದರೆ ತಪ್ಪು ತನ್ನದಲ್ಲ, ನಾರ್ಮನ್ನರದು ಎಂದು ತಿಳಿದ ಮೇಲೆ ಆ ಮಾತನ್ನು ಅವಳು ಮತ್ತೆ ಆಡಲಿಲ್ಲ.

ಈಗ ಟಿ-ಎಚ್ ಮಹಾರಾಯನ ದೆಹಲಿ ಯಾತ್ರೆ. ಇಂಗ್ಲಿಷಿನ ಟಿ ನಮ್ಮ ಕಿವಿಗೆ ಟಕಾರ. ಆದ್ದರಿಂದ ತಕಾರಕ್ಕೆ ದಕ್ಷಿಣದ ನಾವು ಟಿ-ಎಚ್ ಬರೆಯುತ್ತೇವೆ. ಉತ್ತರದವರು ತಕಾರಕ್ಕೆ ಬರಿಯ ಟಿ ಹಾಕಿ, ಟಿ-ಎಚ್ ಕಂಡರೆ ಥಕಾರ ಓದುತ್ತಾರೆ. ಸವಿತ ಇಲ್ಲಿ ಸವಿಥಾ ಆಗುವುದು ಹೀಗೆ. ನಗುವ ಸಂಗತಿಯೆಂದು ನಾವೂ ಎಣಿಸಿದ್ದೆವು. ನಮ್ಮ ಪರಿಚಯದ ಕನ್ನಡದ ತಾಯಿಯೊಬ್ಬರ ಯಜಮಾನರು ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾಗಿ ತೀರಿಕೊಂಡರು. ಆಕೆಯ ಹೆಸರಿನಲ್ಲಿ ಒಂದು ತಕಾರ. ಸರ್ವಿಸ್ ಪುಸ್ತಕದಲ್ಲಿ ಮೂವತ್ತು ವರ್ಷದ ಕೆಳಗೆ ಯಾರೋ ಬರಿಯ ಟಿ ಹಾಕಿ ಬರೆದಿದ್ದರು. ಆಧಾರ್ ಕಾರ್ಡಿನಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಟಿ-ಎಚ್. ಇಬ್ಬರೂ ಒಬ್ಬರೇ ಎಂಬುದಕ್ಕೆ ಏನು ಪುರಾವೆ ಎಂದಿತು ಒಂದು ಕಚೇರಿ. ಅಫಿಡವಿಟ್ ಕೊಟ್ಟರು, ನೋಟರಿಯ ಮೊಹರು ಸರಿಯಿಲ್ಲವೆಂದು ಹಿಂದಕ್ಕೆ ಬಂತು. ಮತ್ತೆ ಕೊಟ್ಟರು, ಗೆಜೆಟೆಡ್ ಅಧಿಕಾರಿಯ ಸಹಿ ಬೇಕೆಂದರು. ಹೀಗೆ ಐದು ತಿಂಗಳು ಕುಟುಂಬ ಪಿಂಚಣಿ ನಿಂತಿತು. ಮನೆ ಬಾಡಿಗೆಗೆ ಆ ತಾಯಿ ಕೈಬಳೆ ಅಡವಿಟ್ಟದ್ದು ನಮಗೆ ತಡವಾಗಿ ತಿಳಿಯಿತು. ಕಡತವನ್ನು ಹಿಡಿದು ಮೇಜಿನಿಂದ ಮೇಜಿಗೆ ನಾವೂ ಓಡಾಡಿದೆವು. ಹಣ ಬಂದ ದಿನ ಆಕೆ ಹೇಳಿದ್ದು ಇಷ್ಟೇ: “ನನ್ನ ಹೆಸರನ್ನ ನಾನು ಯಾವತ್ತೂ ಒಂದೇ ಥರ ಬರೆದಿದ್ದೀನಪ್ಪ, ಕನ್ನಡದಲ್ಲಿ.”

ಓದುಗರಲ್ಲಿ ನಮ್ಮ ವಿನಂತಿ ಎರಡು. ಮನೆಯವರೆಲ್ಲರ ಹೆಸರು ಸರ್ವಿಸ್ ಪುಸ್ತಕ, ಆಧಾರ್, ಬ್ಯಾಂಕು, ಶಾಲೆಯ ದಾಖಲೆ ಇವುಗಳಲ್ಲಿ ಒಂದೇ ಬಗೆಯ ಇಂಗ್ಲಿಷ್ ಕಾಗುಣಿತದಲ್ಲಿ ಇದೆಯೇ ಎಂದು ಬರುವ ರಜೆಯ ದಿನವೇ ನೋಡಿಕೊಳ್ಳಿ. ಬದುಕಿರುವಾಗ ಒಂದು ಅರ್ಜಿಯಲ್ಲಿ ಮುಗಿಯುವ ಕೆಲಸ, ಆಮೇಲೆ ಹತ್ತು ಅರ್ಜಿಗೂ ಮುಗಿಯುವುದಿಲ್ಲ.

ಎರಡನೆಯದು ಮಕ್ಕಳಿಗೆ ಕನ್ನಡ ಅಕ್ಷರ. ಮಾತನಾಡಲು ಬಂದರೆ ಸಾಕು, ಬರೆಯಲು ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಇದೆಯಲ್ಲ ಎನ್ನುವವರು ಹೆಚ್ಚುತ್ತಿದ್ದಾರೆ. ಬರೆಯಬಹುದು. ಆದರೆ ಎಚ್-ಎ-ಎಲ್-ಎಲ್-ಐ ಎಂಬುದು ಹಳ್ಳಿಯೋ ಹಲ್ಲಿಯೋ? ಎ-ಎನ್-ಎನ್-ಎ ಅಣ್ಣನೋ ಅನ್ನವೋ? ನಮ್ಮ ತಲೆಮಾರಿಗೆ ಶಬ್ದ ಗೊತ್ತಿರುವುದರಿಂದ ಸರಿಯಾಗಿ ಓದಿಕೊಳ್ಳುತ್ತೇವೆ. ಬರಹದಿಂದಲೇ ಶಬ್ದ ಕಲಿಯುವ ಮುಂದಿನ ತಲೆಮಾರಿಗೆ ಳಕಾರ ಣಕಾರಗಳು ಉಳಿಯುವುದು ಹೇಗೆ? ಸಾವಿರ ವರ್ಷ ನಾಲಿಗೆಗೂ ಬರಹಕ್ಕೂ ಹೊಂದಿಸಿಕೊಂಡು ಬಂದ ಭಾಷೆಯನ್ನು, ತನ್ನ ಧ್ವನಿಗಳಿಗೇ ಸಾಲದ 26 ಅಕ್ಷರಗಳ ಕ್ವಾರ್ಟರ್ಸಿಗೆ ತಂದು ತುಂಬುವುದು ನ್ಯಾಯವಲ್ಲ. ಊರಿನಲ್ಲಿರುವ ಅಜ್ಜಿಗೆ ಇಂಗ್ಲಿಷ್ ಅಕ್ಷರದ ಕನ್ನಡ ಓದಲು ಬರುವುದಿಲ್ಲ ಎಂಬುದನ್ನೂ ಮರೆಯಬಾರದು.

ಕನ್ನಡದ ಅಕ್ಷರಗಳು 49. ಭಾನುವಾರ ಬೆಳಗ್ಗೆ ಸಂಘದಲ್ಲಿ ನಡೆಯುವ ಕನ್ನಡ ಪಾಠಕ್ಕೆ ಶುಲ್ಕವಿಲ್ಲ, ಡಿಕ್ಟೇಷನ್ನಿನ ಭಯವೂ ಇಲ್ಲ. ಕೇಳಿಸಿದ್ದನ್ನು ಬರೆದರೆ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಮಕ್ಕಳನ್ನು ಕರೆತನ್ನಿ. ಪಾಠ ಮುಗಿಯುವವರೆಗೆ ಹಿರಿಯರಿಗೆ ಕಾಫಿಯ ವ್ಯವಸ್ಥೆ ಇದೆ. ಕಾಫಿಯ ಇಂಗ್ಲಿಷ್ ಕಾಗುಣಿತದಲ್ಲಿ ಎರಡು ಎಫ್, ಎರಡು ಇ ಏಕೆ ಎಂದು ಮಾತ್ರ ಯಾರೂ ನಮ್ಮನ್ನು ಕೇಳಬಾರದು.